ಹನ್ನೊಂದನೇ ಹಲಗೆ

ಭಾನುವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಮೋಡ ಸರಿಯಿತು. ಬ್ರಿಜ್ ಕ್ಲಬ್ಬಿನ ಹಾಲಿಗೆ ಬಿಸಿಲು ತಪ್ಪು ಕಿಟಕಿಯಿಂದ ಬಂತು. ನಾಲ್ಕು ಮೇಜುಗಳಲ್ಲಿ ಹದಿನಾರು ಜನ ಆಡುತ್ತಿದ್ದರು, ಅವರಲ್ಲಿ ನಾನೂ ಒಬ್ಬ. ಊರಿನ ವಾರಪತ್ರಿಕೆಗೆ ಕ್ಲಬ್ಬಿನ ಸುದ್ದಿ ಬರೆಯುವವನು ನಾನೇ ಆದ್ದರಿಂದ ಗಡಿಯಾರ ನೋಡಿ ಹೊತ್ತು ಬರೆದುಕೊಂಡೆ.

ಬೆಳಿಗ್ಗೆ ಪುರಸಭೆಯ ಫಲಕದಲ್ಲಿ ‘ಉತ್ತರ: ನೀರಿನ ಟ್ಯಾಂಕು’ ಎಂದಿತ್ತು. ಅದು ನಿಜವಾಗಿದ್ದರೆ ಆ ಹೊತ್ತಿನ ಬಿಸಿಲು ಟಾಕೀಸಿನ ಕಡೆಯ ಕಿಟಕಿಯಿಂದ ಒಳಗೆ ಬರಬೇಕಿತ್ತು. ಬಂದದ್ದು ಟ್ಯಾಂಕಿನ ಕಡೆಯಿಂದಲೇ. ಅಂದರೆ ಅಂದು ಟ್ಯಾಂಕು ಇದ್ದದ್ದು ಪಶ್ಚಿಮಕ್ಕೆ. ಉತ್ತರ ಇದ್ದದ್ದು ಸಂತೆಯ ಕಡೆಗೆ. ಎರಡೂವರೆ ತಾಸಿನಿಂದ ಹದಿನಾರು ಜನವೂ ಒಂದೊಂದು ಕುರ್ಚಿ ತಪ್ಪಿ ಕೂತಿದ್ದರು.

ನಮ್ಮ ಊರಿನಲ್ಲಿ ಸೂರ್ಯ ದಿನಾ ತನಗೆ ಬೇಕಾದ ಕಡೆಯಿಂದ ಹುಟ್ಟುತ್ತಾನೆ. ಮಂಚಗಳಿಗೆ ಚಕ್ರಗಳಿರುತ್ತವೆ, ಉತ್ತರಕ್ಕೆ ತಲೆ ಹಾಕಿ ಮಲಗಬಾರದಲ್ಲ. ದೇವರ ಮಂಟಪ ತಿರುಗುವ ಮಣೆಯ ಮೇಲಿರುತ್ತದೆ. ಹಪ್ಪಳ ಸಂಡಿಗೆ ಮಾಡುವವರು ದಿಕ್ಕು ಗೊತ್ತಾಯಿತೆಂದು ಪುರಸಭೆಯ ಸೈರನ್ ಕೂಗುವವರೆಗೆ ಚಾಪೆ ಬಿಚ್ಚುವುದಿಲ್ಲ. ಬಾಡಿಗೆ ಮನೆ ನೋಡಲು ಬಂದವರು ಬಾಗಿಲು ಯಾವ ಕಡೆಗಿದೆ ಎಂದು ವಿಚಾರಿಸುವುದಿಲ್ಲ, ನಳ ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸುತ್ತಾರೆ. ಪುರಸಭೆಯಲ್ಲಿ ದಿಕ್ಕಿನ ಗುಮಾಸ್ತ ಎಂಬ ಹುದ್ದೆ ಇದೆ. ಆ ಹುದ್ದೆಯವರು ನಸುಕಿನಲ್ಲಿ ನೀರಿನ ಟ್ಯಾಂಕು ಹತ್ತಿ, ಸೂರ್ಯ ಎಲ್ಲಿ ಮೂಡಿದ ಎಂದು ನೋಡಿ, ಇಳಿದು ಬಂದು ಬಸ್ ನಿಲ್ದಾಣದ ಫಲಕದ ಮೇಲೆ ಬರೆಯಬೇಕು.

ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದವರು ಸುಭದ್ರಾಬಾಯಿ. ಟ್ಯಾಂಕಿಗೆ ನೂರ ಹದಿನಾಲ್ಕು ಮೆಟ್ಟಿಲು. ನಿವೃತ್ತಿಯ ದಿನದವರೆಗೂ ಅವರು ಅವನ್ನು ಹತ್ತಿದರು, ಒಂದು ದಿನವೂ ತಪ್ಪು ದಿಕ್ಕು ಬರೆಯಲಿಲ್ಲ. ಅದರ ಗುಟ್ಟು ಸರಳ: ಮೋಡ ಕವಿದು ಸೂರ್ಯ ಕಾಣದ ದಿನ ಅವರು ಫಲಕದ ಮೇಲೆ ‘ಗೊತ್ತಿಲ್ಲ’ ಎಂದು ಬರೆಯುತ್ತಿದ್ದರು. ಆ ದಿನ ಊರು ದಿಕ್ಕಿಲ್ಲದೇ ನಡೆಯುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಈಗಿನ ಗುಮಾಸ್ತರಿಗೆ ಆ ಒಂದು ಶಬ್ದ ಬರೆಯುವುದು ಹುದ್ದೆಗೆ ಕುಂದು ಎನಿಸುತ್ತದೆ. ಆ ಭಾನುವಾರ ಬೆಳಿಗ್ಗೆ ಮೋಡವಿತ್ತು. ದಿಕ್ಕು ಗೊತ್ತಿಲ್ಲದ ದಿನ ಕ್ಲಬ್ಬಿನಲ್ಲಿ ಆಟ ಇಲ್ಲ ಎಂಬುದು ನಿಯಮ. ಪಂದ್ಯಾವಳಿಗೆಂದು ಇಪ್ಪತ್ತು ಜನರ ಉಪ್ಪಿಟ್ಟಿಗೆ ಆಗಲೇ ಹೇಳಿಯಾಗಿತ್ತು. ನಮ್ಮ ಕಾರ್ಯದರ್ಶಿ, ಅರಿವೆ ಅಂಗಡಿಯ ಚನ್ನಮಲ್ಲಪ್ಪ, ಗುಮಾಸ್ತರಿಗೆ ಎರಡು ಸಲ ಫೋನ್ ಮಾಡಿದರು. ಎರಡನೇ ಫೋನಿನ ಹತ್ತು ನಿಮಿಷಕ್ಕೆ ಫಲಕದ ಮೇಲೆ ದಿಕ್ಕು ಬಂತು.

ಕ್ಲಬ್ಬಿಗೆ ದಿಕ್ಕು ಯಾಕೆ ಬೇಕು ಎಂದು ಹೊರಗಿನವರು ಕೇಳುತ್ತಾರೆ. ಬ್ರಿಜ್ ಆಟದಲ್ಲಿ ನಾಲ್ಕು ಜನ ನಾಲ್ಕು ದಿಕ್ಕಿಗೆ ಕೂಡುತ್ತಾರೆ. ಉತ್ತರದವರಿಗೆ ದಕ್ಷಿಣದವರು ಜೋಡಿ, ಪೂರ್ವದವರಿಗೆ ಪಶ್ಚಿಮದವರು. ಪಂದ್ಯದಲ್ಲಿ ಎಲೆಗಳನ್ನು ಒಂದು ಮರದ ಹಲಗೆಯ ನಾಲ್ಕು ಜೇಬಿನಲ್ಲಿಟ್ಟು ಮೇಜಿಂದ ಮೇಜಿಗೆ ಕಳಿಸುತ್ತಾರೆ. ಜೇಬುಗಳ ಮೇಲೆ ಉ, ಪೂ, ದ, ಪ ಎಂದು ಬರೆದಿರುತ್ತದೆ. ಇದರಿಂದ ಒಂದನೇ ಮೇಜಿನ ಪೂರ್ವದವರು ಹಿಡಿದ ಎಲೆಗಳನ್ನೇ ನಾಲ್ಕನೇ ಮೇಜಿನ ಪೂರ್ವದವರೂ ಹಿಡಿಯುತ್ತಾರೆ. ಒಳ್ಳೆಯ ಎಲೆ ಬಂತು, ಕೆಟ್ಟ ಎಲೆ ಬಂತು ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಅದೇ ಎಲೆಯಲ್ಲಿ ಯಾರು ಚೆನ್ನಾಗಿ ಆಡಿದರು ಎಂಬುದಷ್ಟೇ ಲೆಕ್ಕ. ಬೇರೆ ಊರುಗಳಲ್ಲಿ ಈ ದಿಕ್ಕುಗಳು ಬರೀ ಹೆಸರು, ಕುರ್ಚಿಗೆ ಚೀಟಿ ಅಂಟಿಸಿ ಆಡುತ್ತಾರಂತೆ. ನಮ್ಮ ಕ್ಲಬ್ಬಿನ ಒಂದನೇ ನಿಯಮದಂತೆ ಉತ್ತರದವರು ಆ ದಿನದ ಉತ್ತರಕ್ಕೇ ಕೂಡಬೇಕು. ಆಟದ ನಡುವೆ ದಿಕ್ಕು ತಪ್ಪೆಂದು ತಿಳಿದರೆ ಎಲ್ಲರೂ ಎದ್ದು ಸರಿಯಾದ ಕುರ್ಚಿಗೆ ಹೋಗಬೇಕು, ಹಲಗೆಯನ್ನೂ ತಿರುಗಿಸಬೇಕು. ತಿರುಗಿಸುವುದು ಉತ್ತರದವರ ಕೆಲಸ.

ಅಂದಿನ ಪಂದ್ಯ ಸಾಮಾನ್ಯ ಪಂದ್ಯವಲ್ಲ, ಕೊಳಗದ ಪಂದ್ಯ. ಹನ್ನೆರಡು ವರ್ಷದ ಹಿಂದೆ ಕ್ಲಬ್ಬಿನ ಎರಡು ಜೋಡಿಗಳು ತಮ್ಮ ಜೊತೆಗಾರರ ಮೇಲೆಯೇ ಸಿಟ್ಟಾಗಿ ಒಂದೇ ವಾರದಲ್ಲಿ ಮಾತು ಬಿಟ್ಟಿದ್ದವು. ಆಗ ಹಿರಿಯರು ಒಂದು ಪದ್ಧತಿ ಮಾಡಿದರು. ಮೂರು ವರ್ಷಕ್ಕೊಮ್ಮೆ ದೊಡ್ಡ ಪಂದ್ಯ ಆಡಿಸುವುದು. ಮೊದಲ ಎರಡು ಸ್ಥಾನ ಪಡೆದ ಜೋಡಿಗಳು ಹಾಗೇ ಉಳಿಯುತ್ತವೆ. ಉಳಿದ ಆರು ಜೋಡಿಗಳ ಹನ್ನೆರಡು ಹೆಸರು ಹಿತ್ತಾಳೆ ಕೊಳಗಕ್ಕೆ ಬೀಳುತ್ತವೆ. ಎರಡೆರಡು ಚೀಟಿ ಎತ್ತಿ ಹೊಸ ಜೋಡಿ ಮಾಡುತ್ತಾರೆ. ಈವರೆಗೆ ನಾಲ್ಕು ಸಲ ಕೊಳಗ ಇಟ್ಟಿದ್ದಾರೆ. ನಾಲ್ಕು ಸಲವೂ ಎರಡನೇ ಸ್ಥಾನ ಪಡೆದು ಕೊಳಗದಿಂದ ಹೊರಗುಳಿದ ಜೋಡಿ ಒಂದೇ: ಸುಭದ್ರಾಬಾಯಿ ಮತ್ತು ಅವರ ಯಜಮಾನರು, ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ವಾಮನರಾಯರು.

ಕ್ಲಬ್ಬಿನಲ್ಲಿ ಎಲ್ಲರೂ ಇದನ್ನು ಪುಣ್ಯ ಎಂದು ಹೇಳುತ್ತಿದ್ದರು. ಸುಭದ್ರಾಬಾಯಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಅವರು ಮೂವತ್ತೊಂದು ವರ್ಷದಿಂದ ಒಬ್ಬರ ಎದುರಿಗೇ ಕೂತು ಆಡುತ್ತಿದ್ದರು. ರಾಯರು ಎಲೆ ನೋಡಿ ಮೀಸೆಯ ಎಡ ತುದಿ ಸವರಿದರೆ ಆಟೀನು, ಬಲ ತುದಿ ಸವರಿದರೆ ಇಸ್ಪೀಟು. ಸನ್ನೆ ಮಾಡಬೇಕೆಂದು ಅವರು ಮಾಡುತ್ತಿರಲಿಲ್ಲ, ಅದು ರೂಢಿ. ಬಾಯಿ ಅದನ್ನು ನೋಡಬಾರದೆಂದು ಮೇಜಿನ ಬಟ್ಟೆ ನೋಡುತ್ತ ಕೂಡುತ್ತಿದ್ದರು. ನೋಡದಿದ್ದರೂ ರಾಯರು ಮುಂದೆ ಏನು ಹೇಳುತ್ತಾರೆ, ಇಷ್ಟು ಗೆಲ್ಲುತ್ತೇನೆ ಎಂಬ ಮಾತಿನಲ್ಲಿ ಎಲ್ಲಿ ಒಂದು ಮೆಟ್ಟಿಲು ಹೆಚ್ಚಿಗೆ ಹತ್ತುತ್ತಾರೆ, ಯಾವಾಗ ರಾಣಿಯನ್ನು ಸುಮ್ಮನೆ ಕಳೆಯುತ್ತಾರೆ ಎಂಬುದು ಅವರಿಗೆ ತಿಳಿದಿರುತ್ತಿತ್ತು. ಒಮ್ಮೆಯಾದರೂ ಕೊಳಗದಲ್ಲಿ ಬೀಳಬೇಕು, ಎದುರು ಕೂತವರ ಮನಸ್ಸು ಗೊತ್ತಿಲ್ಲದೆ ಆಡಿ ನೋಡಬೇಕು ಎಂಬುದು ಅವರ ಆಸೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಬೇಕೆಂದು ಸೋಲುವುದಂತೂ ಅವರ ಕೈಯಲ್ಲಿ ಆಗದ ಮಾತು. ಆ ಕೈಗೆ ತಪ್ಪು ದಿಕ್ಕು ಬರೆದು ಗೊತ್ತಿರಲಿಲ್ಲ, ತಪ್ಪು ಎಲೆ ಇಡುವುದೂ ಬರುತ್ತಿರಲಿಲ್ಲ.

ಬಿಸಿಲು ಬಂದ ಕೂಡಲೇ ಚನ್ನಮಲ್ಲಪ್ಪ ಗಂಟೆ ಬಾರಿಸಿದರು. ಎಲ್ಲರೂ ಎದ್ದು ಒಂದೊಂದು ಕುರ್ಚಿ ಸರಿದರು. ಉಪ್ಪಿಟ್ಟಿನ ತಟ್ಟೆಗಳು ಸರಿದವು, ಚಹಾದ ಲೋಟಗಳು ಸರಿದವು. ನಾಲ್ಕನೇ ಮೇಜಿನಲ್ಲಿ ಆಗ ಸುಭದ್ರಾಬಾಯಿ ಪೂರ್ವ, ವಾಮನರಾಯರು ಪಶ್ಚಿಮ. ಅವರ ಎದುರಾಳಿಗಳು ಗಡಿಯಾರ ರಿಪೇರಿಯ ಗನಿಸಾಹೇಬರು ಮತ್ತು ಬ್ಯಾಂಕಿನ ಕ್ಯಾಷಿಯರ್ ರೇಣುಕಾ. ರೇಣುಕಾ ಕ್ಲಬ್ಬಿಗೆ ಸೇರಿ ಮೂರು ತಿಂಗಳಾಗಿತ್ತು. ಉತ್ತರದವರು ಗನಿಸಾಹೇಬರು, ಹಲಗೆ ತಿರುಗಿಸಬೇಕಾದವರು ಅವರೇ. ಆದರೆ ಪಡಸಾಲೆಯಲ್ಲಿ ಹಾಸಿಟ್ಟಿದ್ದ ನಮಾಜಿನ ಚಾಪೆಯನ್ನು ಹೊಸ ದಿಕ್ಕಿಗೆ ಹಾಸಲು ಅವರು ಹೊರಗೆ ಹೋದರು. ಹನ್ನೊಂದನೇ ಹಲಗೆ ಮೇಜಿನ ನಡುವೆ ಹಳೆಯ ಉತ್ತರಕ್ಕೇ ಮುಖಮಾಡಿ ಬಿದ್ದಿತ್ತು. ರಾಯರು ಅದರ ಮೇಲಿನ ಉಪ್ಪಿಟ್ಟಿನ ತಟ್ಟೆ ತೆಗೆದು ಕೆಳಗಿಟ್ಟರು. ಗನಿಸಾಹೇಬರು ಬಂದು ಕೂತಾಗ ತಟ್ಟೆ ಇರಲಿಲ್ಲ, ಹಲಗೆ ಚೊಕ್ಕವಾಗಿತ್ತು. ತಿರುಗಿಸಿಯಾಗಿದೆ ಎಂದು ಅವರು ತಿಳಿದರು. ಅವರು ಬಂದಿದ್ದಾರೆ, ತಿರುಗಿಸಿದ್ದಾರೆ ಎಂದು ಉಳಿದವರು ತಿಳಿದರು. ನಾಲ್ವರೂ ತಮ್ಮ ತಮ್ಮ ಮುಂದಿನ ಜೇಬಿನಿಂದ ಎಲೆ ತೆಗೆದರು.

ಹೀಗಾಗಿ ಬೇರೆ ಮೇಜುಗಳಲ್ಲಿ ಉತ್ತರ ದಕ್ಷಿಣದವರು ಹಿಡಿದ ಎಲೆಗಳು ಇಲ್ಲಿ ಪೂರ್ವ ಪಶ್ಚಿಮದವರಿಗೆ ಬಂದವು. ಎಂಥ ಎಲೆಗಳು ಎಂದರೆ, ಇಬ್ಬರ ನಡುವೆ ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ ಎಲ್ಲ ಇದ್ದವು. ಉಳಿದ ಬಣ್ಣಗಳಲ್ಲಿ ಇನ್ನೆರಡು ಎಕ್ಕ. ವಾಮನರಾಯರು ಮೀಸೆ ಸವರಲೂ ಮರೆತರು. ಒಂದೇ ನೆಗೆತಕ್ಕೆ ‘ಆರು ಇಸ್ಪೀಟು’ ಎಂದರು. ನಾಲ್ವರೂ ಒಂದೊಂದು ಎಲೆ ಇಟ್ಟರೆ ಒಂದು ಪಟ್ಟು, ಮಾತಿನಲ್ಲಿ ಮೊದಲ ಆರು ಪಟ್ಟು ಎಣಿಸುವುದಿಲ್ಲ; ಹದಿಮೂರು ಪಟ್ಟಿನಲ್ಲಿ ಹನ್ನೆರಡು ಗೆಲ್ಲುತ್ತೇನೆ ಎಂದು ಅದರ ಅರ್ಥ. ಹನ್ನೆರಡು ಗೆದ್ದರು. ಗನಿಸಾಹೇಬರು ಮೂಗಿನ ತುದಿಗೆ ಕನ್ನಡಕ ಇಳಿಸಿ ಅಂಕ ಬರೆದರು. ಅವರ ಎಲೆಗಳನ್ನೂ ರೇಣುಕಾಳೇ ಹಲಗೆಯ ಜೇಬಿಗೆ ಅಕ್ಷರ ನೋಡದೆ ತುರುಕಿದಳು.

ಸುಭದ್ರಾಬಾಯಿ ತಮ್ಮ ಎಲೆಗಳನ್ನು ಜೇಬಿಗೆ ಇಡುವಾಗ ಅದರ ಮೇಲಿನ ಅಕ್ಷರ ನೋಡಿದರು. ಪೂ ಇರಬೇಕಾದಲ್ಲಿ ದ ಇತ್ತು.

ಅಷ್ಟರಲ್ಲಿ ಹಲಗೆ ಮುಂದಿನ ಮೇಜಿಗೆ ಹೋಯಿತು. ಅಲ್ಲಿ ಅದನ್ನು ಸರಿಯಾಗಿಯೇ ಇಟ್ಟು ಆಡಿದರು. ಬಾಯಿ ಆಗ ಎದ್ದು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ನಾನು ಮುಂದೊಂದು ದಿನ ವಿಚಾರಿಸಿದಾಗ, ಮೊದಲು ಎಣಿಸಿ ನೋಡೋಣ ಎನಿಸಿತು ಎಂದರು. ಬಹುಶಃ ಆ ಹಲಗೆಯಿಂದ ಸ್ಥಾನಕ್ಕೆ ಏನೂ ವ್ಯತ್ಯಾಸ ಆಗಲಿಕ್ಕಿಲ್ಲ. ಆಗದಿದ್ದರೆ ಆರು ತಿಂಗಳು ಕಾಯ್ದು ಒಂದು ದಿನ ನಗುತ್ತ ಹೇಳಿದರೂ ನಡೆಯುತ್ತದೆ ಎಂದುಕೊಂಡರಂತೆ.

ಆರು ಗಂಟೆ ಹತ್ತು ನಿಮಿಷಕ್ಕೆ ಚನ್ನಮಲ್ಲಪ್ಪ ಫಲಿತಾಂಶ ಓದಿದರು. ಚನ್ನಮಲ್ಲಪ್ಪ ಅಂಕ ಕೂಡಿಸುತ್ತಾರೆ, ಆಟ ನೋಡುವುದಿಲ್ಲ. ಅಲ್ಲದೆ ವಾಮನರಾಯರ ಹೆಸರಿನ ಮುಂದೆ ವಿಚಿತ್ರ ಅಂಕಿ ಕಂಡರೆ ನಮ್ಮಲ್ಲಿ ಯಾರೂ ಎರಡನೇ ಸಲ ನೋಡುವುದಿಲ್ಲ. ಮೊದಲ ಸ್ಥಾನ ಎಂಬತ್ತಾರು ಅಂಕ: ವಾಮನರಾಯರು, ಸುಭದ್ರಾಬಾಯಿ. ಎರಡನೆಯವರಿಗೆ ಎಂಬತ್ತನಾಲ್ಕು, ಮೂರನೆಯವರಿಗೆ ಎಂಬತ್ತೊಂದು. ತಪ್ಪಿ ಆಡಿದ ಹಲಗೆಗೆ ಆ ಮೇಜಿನ ಎರಡೂ ಜೋಡಿಗೆ ಸೊನ್ನೆ ಎಂಬುದು ನಿಯಮ. ಹನ್ನೊಂದನೇ ಹಲಗೆಗೆ ಬಾಯಿಯವರ ಜೋಡಿಗೆ ಬಂದಿದ್ದದ್ದು ಆರು ಅಂಕ. ಎಂಬತ್ತಾರರಲ್ಲಿ ಆರು ಕಳೆಯಲು ಅವರಿಗೆ ಕಾಗದ ಬೇಕಾಗಲಿಲ್ಲ. ಎಂಬತ್ತು, ಮೂರನೇ ಸ್ಥಾನ, ಕೊಳಗ.

ವಾಮನರಾಯರಿಗೆ ಎಪ್ಪತ್ತು ವರ್ಷ. ಅಷ್ಟು ವರ್ಷದಲ್ಲಿ ಯಾವುದರಲ್ಲೂ ಅವರು ಮೊದಲು ಬಂದವರಲ್ಲ. ಇದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ನಗುವವರು. ಗೂಡ್ಸ್ ಗಾಡಿಯಲ್ಲಿ ಗಾರ್ಡಿನ ಡಬ್ಬಿ ಕಡೆಯದ್ದೇ ಎನ್ನುತ್ತಿದ್ದರು. ಬೆಳ್ಳಿಯ ಬಟ್ಟಲನ್ನು ಅವರ ಕೈಗೆ ಕೊಟ್ಟಾಗ ಅವರು ಅದನ್ನು ತಿರುಗಿಸಿ ತಳ ನೋಡಿದರು, ಮತ್ತೆ ನೆಟ್ಟಗೆ ಹಿಡಿದರು. ಗೋಡೆಯ ಮೇಲಿನ ಗೆದ್ದವರ ಪಟ್ಟಿಯಲ್ಲಿ ಹೆಸರು ಬರೆಯಲು ಪೇಂಟರ್ ಮಂಗಳವಾರ ಬರುವವನಿದ್ದ. ಹೆಂಡತಿಯ ಹೆಸರು ಮೊದಲಿರಲಿ, ತನ್ನದು ಆಮೇಲೆ ಇರಲಿ ಎಂದು ರಾಯರು ಚನ್ನಮಲ್ಲಪ್ಪನಿಗೆ ಮೂರು ಸಲ ಹೇಳಿದರು. ಮನೆಗೆ ಹೋಗುವ ದಾರಿಯಲ್ಲಿ ಒಂದು ಕಿಲೋ ಫೇಡೆ ಕೊಂಡು ಓಣಿಯ ಹನ್ನೊಂದು ಮನೆಗೆ ಹಂಚಿದರು. ಅವರ ಎದುರು ಮನೆಯವನಾದ ನನಗೂ ಎರಡು ಬಂದವು.

ಬಾಯಿ ಅಂದು ಚಪಾತಿ ಲಟ್ಟಿಸುತ್ತ ಲೆಕ್ಕ ಹಾಕಿದರು. ತಕರಾರು ಇದ್ದವರು ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಕಾರ್ಯದರ್ಶಿಗೆ ತಿಳಿಸಬೇಕು, ಸಂಜೆ ಐದಕ್ಕೆ ಕೊಳಗ. ಹೇಳದಿದ್ದರೆ ಗೋಡೆಯ ಮೇಲೆ ಸುಳ್ಳು ಬರೆದಂತೆ. ಹೇಳಿದರೆ ಹನ್ನೆರಡು ವರ್ಷದಿಂದ ಬೇಕಾಗಿದ್ದದ್ದು ತಾನಾಗಿ ಬಂದು ಸೆರಗಿಗೆ ಬೀಳುತ್ತದೆ. ಅವರಿಗೆ ತೊಡಕಾದದ್ದು ಅದೇ. ಹೇಳಿದರೆ ನಷ್ಟವಾಗುತ್ತದೆ ಎಂದಿದ್ದರೆ ಅವರು ಆಟದ ಮೇಜಿನಲ್ಲೇ ಹೇಳುತ್ತಿದ್ದರು. ತನಗೆ ಲಾಭವಿರುವ ಸತ್ಯವನ್ನು, ಅದೂ ಫೇಡೆ ಹಂಚಿ ಬಂದು ಬಟ್ಟಲನ್ನು ಫ್ರಿಜ್ಜಿನ ಮೇಲೆ ಇಟ್ಟು ದೂರದಿಂದ ನೋಡುತ್ತಿರುವ ಮನುಷ್ಯನಿಗೆ, ಹೇಗೆ ಹೇಳುವುದು ಎಂದು ಅವರಿಗೆ ತಿಳಿಯಲಿಲ್ಲ. ಊಟಕ್ಕೆ ಬಡಿಸಿದರು. ರಾಯರು ಮೂರು ಚಪಾತಿ ತಿಂದರು, ದಿನಾ ತಿನ್ನುವುದು ನಾಲ್ಕು. ಬಾಯಿ ಅದನ್ನು ಗಮನಿಸಿದರು, ಸಂತೋಷಕ್ಕೆ ಹೊಟ್ಟೆ ತುಂಬಿರಬೇಕು ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ನಿವೃತ್ತಿಯಾಗಿ ಐದು ವರ್ಷವಾದರೂ ಬಾಯಿ ನಸುಕಿಗೆ ಮಾಳಿಗೆ ಹತ್ತಿ ಸೂರ್ಯ ಮೂಡುವುದನ್ನು ನೋಡುವುದು ಬಿಟ್ಟಿಲ್ಲ. ಅಂದು ಆರು ಗಂಟೆ ಎಂಟು ನಿಮಿಷಕ್ಕೆ ಆಸ್ಪತ್ರೆಯ ಹಿಂದಿನಿಂದ ಮೂಡಿದ. ಯಾವತ್ತೂ ಏಳು ಗಂಟೆಗೆ ಏಳುವ ರಾಯರು ಎರಡು ಲೋಟ ಚಹಾ ಹಿಡಿದು ಮೇಲೆ ಬಂದರು. ಮುಂದಿನ ಮಾತುಕತೆಯನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಎರಡೂ ಕಡೆ ಹೊಂದಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ಬಾಯಿ ಚಹಾ ಮುಗಿಸಿ ಲೋಟ ಕೆಳಗಿಟ್ಟರು. “ಹನ್ನೊಂದನೇ ಹಲಗಿ ತಿರುಗಿಸಿರಲಿಲ್ಲ,” ಎಂದರು.

“ಗೊತ್ತದ,” ಎಂದರು ರಾಯರು.

“ಯಾವಾಗಿಂದ?”

“ಎಲಿ ವಾಪಸ್ ಇಡೋವಾಗಿಂದ. ನನ್ನ ಮುಂದ ಉ ಅಂತ ಇತ್ತು. ನಾ ಏನು ಕುರುಡೇನು?”

“ಮತ್ತ ಫೇಡೆ ಯಾಕ ಹಂಚಿದ್ರಿ?”

ರಾಯರು ಆಸ್ಪತ್ರೆಯ ಕಡೆ ನೋಡಿದರು. “ಬಟ್ಟಲಾ ಕೈಯಾಗ ಬಂದ ಮ್ಯಾಲೆ ಒಂದು ತಾಸು ಖರೇನ ಗೆದ್ದೀನಿ ಅನಿಸ್ತು. ಆಮ್ಯಾಲೆ ಅನಿಸಲಿಲ್ಲ. ಆದ್ರ ಅಷ್ಟರಾಗ ಫೇಡೆ ತೂಗಿ ಆಗಿತ್ತು.” ಬಾಯಿಯವರ ಕಡೆ ತಿರುಗಿ, “ನೀ ಯಾಕ ಸುಮ್ಮನಿದ್ದಿ?” ಎಂದು ಕೇಳಿದರು.

“ಹೇಳಿದ್ರ ನನಗ ಲಾಭ ಇತ್ತು. ಅದಕ್ಕ.”

“ಏನು ಲಾಭ?”

“ಕೊಳಗದಾಗ ಬೀಳೂದು.”

ಕೆಳಗೆ ಹಾಲಿನವನ ಸೈಕಲ್ಲು ಹೋಯಿತು. ರಾಯರು ಹಾಲಿನವನನ್ನು ಓಣಿಯ ತುದಿಯವರೆಗೆ ನೋಡಿದರು. ಆಮೇಲೆ ಎಷ್ಟು ವರ್ಷದಿಂದ ಹೀಗೆ ಅನಿಸುತ್ತಿದೆ ಎಂದು ಕೇಳಿದರು. ಕೊಳಗ ಶುರುವಾದಾಗಿನಿಂದ ಎಂದು ಬಾಯಿ ಇದ್ದದ್ದು ಇದ್ದಂತೆ ಹೇಳಿದರು.

“ನನ್ನ ಆಟ ಅಷ್ಟು ಕೆಟ್ಟದೇನು?”

“ಕೆಟ್ಟಿಲ್ಲ. ನಾಕು ಸಲ ಎರಡನೇ ನಂಬರ್ ಏನು ಸುಮ್ಮನ ಬಂತೇನು? ನೀವು ಮುಂದ ಏನು ಮಾಡ್ತೀರಿ ಅಂತ ನನಗ ಗೊತ್ತಿರ್ತದ. ಗೊತ್ತಿದ್ದದ್ದನ್ನ ಎಷ್ಟು ಅಂತ ಆಡೂದ್ರೀ?”

ರಾಯರು ಎರಡೂ ಲೋಟ ಎತ್ತಿಕೊಂಡು ಮೆಟ್ಟಿಲವರೆಗೆ ಹೋಗಿ ನಿಂತರು. “ನಾ ಸುಮ್ಮನಿದ್ದದ್ದೂ ಕೊಳಗದ ಸಲುವಾಗೇ,” ಎಂದರು. “ನಿನಗ ಬೀಳಬೇಕಾಗಿತ್ತು. ನನಗ ಬೀಳಬಾರದಾಗಿತ್ತು.” ಹಾಗೆಂದು ಇಳಿದು ಹೋದರು.

ಬಾಯಿ ಒಂಬತ್ತು ಗಂಟೆಗೆ ಸೀರೆ ಬದಲಿಸಿ ಹೊರಡಲು ಸಿದ್ಧರಾದರು. ನೋಡಿದರೆ ರಾಯರ ಕೋಟು ಗೂಟದಲ್ಲಿ ಇರಲಿಲ್ಲ, ಫ್ರಿಜ್ಜಿನ ಮೇಲೆ ಬಟ್ಟಲೂ ಇರಲಿಲ್ಲ.

ಪತ್ರಿಕೆಗೆ ಫಲಿತಾಂಶದ ಪಟ್ಟಿ ಪಡೆಯಲು ನಾನು ಅರಿವೆ ಅಂಗಡಿಗೆ ಹೋದಾಗ ಅಲ್ಲಿ ಬಾಗಿಲಿಗೆ ನೀರು ಹಾಕುತ್ತಿದ್ದರು. ಚನ್ನಮಲ್ಲಪ್ಪ ಊದುಬತ್ತಿ ಹಿಡಿದು ದುಡ್ಡಿನ ಗಲ್ಲೆಯ ಸುತ್ತ ತಿರುಗಿಸುತ್ತಿದ್ದರು. ವಾಮನರಾಯರು ಬಟ್ಟಲನ್ನು ಗಲ್ಲೆಯ ಮೇಲಿಟ್ಟು ಸಂಗತಿ ಹೇಳಿದರು. ತಟ್ಟೆ ತೆಗೆದವನು ತಾನು, ಹಲಗೆ ಹಾಗೇ ಬಿಟ್ಟವನು ತಾನು. ಗನಿಸಾಹೇಬರ ತಪ್ಪಿಲ್ಲ, ಹೆಂಡತಿಯ ತಪ್ಪಿಲ್ಲ ಎಂದರು. ಬಾಯಿಯವರ ಆಸೆಯ ವಿಷಯ ಎತ್ತಲಿಲ್ಲ. ಚನ್ನಮಲ್ಲಪ್ಪನಿಗೆ ಇದು ದೊಡ್ಡ ತಲೆನೋವು. ಪೇಂಟರ್‌ಗೆ ಮುಂಗಡ ಕೊಟ್ಟಿದೆ, ಊರಿಗೆಲ್ಲ ಗೊತ್ತಾಗಿದೆ, ಹಲಗೆ ತಿರುಗಿಸಿಲ್ಲ ಎಂಬುದಕ್ಕೆ ಸಾಕ್ಷಿಯೂ ಇಲ್ಲ ಎಂದು ಅವರು ವಾದಿಸಿದರು.

“ಯಾರೂ ತಕರಾರು ಮಾಡಿಲ್ಲಲ್ರೀ ರಾಯರ,” ಎಂದರು. “ನೀವ್ಯಾಕ ಮಾಡ್ಲಿಕ್ಕೆ ಹತ್ತೀರಿ? ಗೆದ್ದವರು ತಕರಾರು ಮಾಡಿದ್ದು ಈ ಊರಾಗ ನಾ ಕಂಡಿಲ್ಲ.”

“ಹನ್ನೆರಡರೊಳಗ ಹೇಳಬೇಕು ಅಂತ ನಿಯಮ ಅದ. ಗೆದ್ದವರು ಹೇಳಬಾರದು ಅಂತ ಇಲ್ಲ. ಬರಕೋರಿ.”

ಚನ್ನಮಲ್ಲಪ್ಪ ಗೋಡೆಯ ಗಡಿಯಾರ ನೋಡಿ ಬರೆದುಕೊಂಡರು: ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷ. ಹಲಗೆಯೊಳಗಿನ ಅಂಕದ ಚೀಟಿ ತರಿಸಿ ನೋಡಿದಾಗ ಸಾಕ್ಷಿ ಅಲ್ಲೇ ಇತ್ತು. ಉಳಿದ ಮೂರು ಮೇಜಿನಲ್ಲೂ ಇಸ್ಪೀಟು ಆಡಿ ಗೆದ್ದವರು ಉತ್ತರ ದಕ್ಷಿಣದವರು; ನಾಲ್ಕನೇ ಮೇಜಿನಲ್ಲಿ ಮಾತ್ರ ಪೂರ್ವ ಪಶ್ಚಿಮದವರು. ಕಣ್ಣಿದ್ದವರಿಗೆ ಒಂದು ನೋಟಕ್ಕೆ ಕಾಣುವಂತಿತ್ತು. ಚನ್ನಮಲ್ಲಪ್ಪ ಚೀಟಿಯನ್ನು ಎರಡು ಸಲ ಓದಿ, ನನ್ನ ಕಡೆ ನೋಡದೆ, ಇದನ್ನೆಲ್ಲ ಪೇಪರಿನಲ್ಲಿ ಹಾಕಬೇಕೇ ಎಂದು ಕೇಳಿದರು. ನಾನು ತಿದ್ದಿದ ಫಲಿತಾಂಶವನ್ನಷ್ಟೇ ಹಾಕಿದೆ.

ವಾಮನರಾಯರು ಅಂಗಡಿಯ ಮೆಟ್ಟಿಲಿಳಿಯುವಾಗ ಸುಭದ್ರಾಬಾಯಿ ರಸ್ತೆಯ ಆಚೆ ನಿಂತಿದ್ದರು. ಖಾಲಿ ಕೈ ನೋಡಿ ಅವರಿಗೆ ತಿಳಿಯಿತು. ನನ್ನನ್ನು ಕೇಳದೇ ಯಾಕೆ ಹೋದಿರಿ ಎಂದು ಬಾಯಿ ಕೇಳಿದರೆ, ನೀನು ಹೋಗಿದ್ದರೆ ಗಂಡನಿಂದ ಬಿಡಿಸಿಕೊಳ್ಳಲು ಹೋದಳು ಎಂದು ಕ್ಲಬ್ಬಿನವರು ಮೂರು ವರ್ಷ ಆಡಿಕೊಳ್ಳುತ್ತಿದ್ದರು ಎಂದರು ರಾಯರು. ಇಬ್ಬರೂ ಸಂತೆಗೆ ಹೋಗಿ ಬದನೆಕಾಯಿ ಕೊಂಡು ಮನೆಗೆ ಬಂದರು.

ಸಂಜೆ ಐದಕ್ಕೆ ಕೊಳಗ ಇಟ್ಟರು. ಹನ್ನೆರಡು ಚೀಟಿ ಬಿದ್ದವು. ಚೀಟಿ ಎತ್ತುವ ಕೆಲಸ ಮೊದಲಿನಿಂದಲೂ ಕ್ಲಬ್ಬಿನ ಎಲ್ಲರಿಗಿಂತ ಹೊಸಬರದು, ಆದ್ದರಿಂದ ರೇಣುಕಾ ಎತ್ತಿದಳು. ಆಕೆ ತನ್ನ ಹೆಸರನ್ನು ತಾನೇ ಎತ್ತಿದಾಗ ಜೊತೆಗೆ ಬಂದದ್ದು ವಾಮನರಾಯರ ಚೀಟಿ. ರಾಯರು ಎದ್ದು ನಿಂತು, “ತಂಗೀ, ನಿನ್ನ ದೈವ ನೆಟ್ಟಗಿಲ್ಲ ನೋಡು,” ಎಂದರು. ಎಲ್ಲರೂ ನಕ್ಕರು. ಐದನೇ ಜೋಡಿಯಾಗಿ ಸುಭದ್ರಾಬಾಯಿ ಮತ್ತು ಗನಿಸಾಹೇಬರ ಹೆಸರು ಬಂತು. ಗನಿಸಾಹೇಬರು ಆಟದ ಮೂರು ತಾಸಿನಲ್ಲಿ ಮೂರು ಮಾತಾಡುವವರು. ಅವರು ಬಾಯಿಯವರ ಕಡೆ ತಿರುಗಿ ತಲೆಬಾಗಿಸಿದರು, ಅಷ್ಟೇ. ಅವರ ಮುಖ ನೋಡಿ ಸಂತೋಷವೋ ಬೇಸರವೋ ಹೇಳಲಾಗುತ್ತಿರಲಿಲ್ಲ. ಬಾಯಿಯವರಿಗೆ ಅದು ಬಹಳ ಹಿಡಿಸಿತು.

ಗುರುವಾರ ಹೊಸ ಜೋಡಿಗಳ ಮೊದಲ ಆಟ. ಅಂದು ಉತ್ತರ ಟಾಕೀಸಿನ ಕಡೆಗಿತ್ತು, ಸೂರ್ಯ ಚೆನ್ನಾಗಿ ಕಂಡಿದ್ದ. ಬಾಯಿ ಆಗಾಗ ಕಣ್ಣೆತ್ತಿ ಎದುರಿಗೆ ನೋಡುತ್ತಿದ್ದರು; ಮೇಜಿನ ಬಟ್ಟೆ ನೋಡುವ ಅಗತ್ಯ ಈಗ ಇರಲಿಲ್ಲ. ಗನಿಸಾಹೇಬರ ಮುಖದಲ್ಲಿ ಏನೂ ಇರಲಿಲ್ಲ. ಎರಡು ಸಲ ಬಾಯಿಯವರ ಊಹೆ ತಪ್ಪಿತು. ಒಮ್ಮೆ ಸಾಹೇಬರು ಕೈಯಲ್ಲಿ ರಾಜನನ್ನು ಇಟ್ಟುಕೊಂಡೇ ಪಾಸ್ ಹೇಳಿದ್ದರು. ಅದು ಆಟದ ಕೊನೆಗೆ ಹೊರಬಿದ್ದಾಗ ಬಾಯಿ ಜೋರಾಗಿ ನಕ್ಕರು. ಮೂವತ್ತೊಂದು ವರ್ಷದಲ್ಲಿ ಅವರು ಆಟದ ಮೇಜಿನಲ್ಲಿ ನಕ್ಕದ್ದನ್ನು ನಾವು ಯಾರೂ ನೋಡಿರಲಿಲ್ಲ. ಇದೇ ವೇಳೆಗೆ ಎರಡನೇ ಮೇಜಿನಲ್ಲಿ ವಾಮನರಾಯರು ರೇಣುಕಾಗೆ, ನಾನು ಒಂದು ಮೆಟ್ಟಿಲು ಹೆಚ್ಚಿಗೆ ಹತ್ತಿದರೆ ಕಾಲ ಮೇಲೆ ಒದಿ ಎಂದು ಹೇಳಿಕೊಡುತ್ತಿದ್ದರು. ಅದು ನಿಯಮಕ್ಕೆ ವಿರುದ್ಧ ಎಂದು ಚನ್ನಮಲ್ಲಪ್ಪ ಎಚ್ಚರಿಸಿದರು.

ಐದು ಗಂಟೆಯ ಸುಮಾರಿಗೆ ರಾಯರ ಜೋಡಿ ಬಾಯಿಯವರ ಮೇಜಿಗೆ ಬಂತು. ಗಂಡ ಹೆಂಡತಿ ಮೊದಲ ಸಲ ಎದುರುಬದುರು ಬಿಟ್ಟು ಮಗ್ಗುಲಿಗೆ ಕೂತರು. ಬಾಯಿಯವರಿಗೆ ಕಳಾವರ್ ಬಣ್ಣದ ಉದ್ದನೆಯ ಎಲೆಗಳು ಬಂದಿದ್ದವು. ಅವರು ಲೆಕ್ಕ ಹಾಕಿ ಐದು ಕಳಾವರ್ ಎಂದರು, ಹನ್ನೊಂದು ಪಟ್ಟು. ಎಲೆ ನೋಡಿದರೆ ಅದು ಸರಿಯಾದ ಮಾತೇ. ರಾಯರು ತಮ್ಮ ಎಲೆ ಮುಚ್ಚಿ ಮೇಜಿನ ಮೇಲಿಟ್ಟು ಬಾಯಿಯವರ ಬೆರಳುಗಳನ್ನು ಒಂದು ಕ್ಷಣ ನೋಡಿದರು. ಆಮೇಲೆ “ಡಬಲ್” ಎಂದರು. ಈ ಮಾತು ಆಗುವುದಿಲ್ಲ, ಆಗದಿದ್ದರೆ ಇಮ್ಮಡಿ ದಂಡ ಕೊಡು ಎಂದು ಅದರ ಅರ್ಥ. ರಾಯರ ಕೈಯಲ್ಲಿ ಡಬಲ್ ಹೇಳುವಂಥ ಎಲೆಯೇನೂ ಇರಲಿಲ್ಲ ಎಂದು ರೇಣುಕಾ ಆಮೇಲೆ ನನಗೆ ಹೇಳಿದಳು.

ಬಾಯಿ ಒಂದು ಪಟ್ಟಿನಿಂದ ಸೋತರು. ಒಂಬತ್ತನೇ ಪಟ್ಟಿನಲ್ಲಿ ಅವರು ರಾಣಿ ಎಡಗಡೆ ರೇಣುಕಾಳ ಕೈಯಲ್ಲಿದೆ ಎಂದು ಊಹಿಸಿ ಅಲ್ಲಿ ಹುಡುಕಿದರು, ಅದು ಬಲಗಡೆ ರಾಯರ ಕೈಯಲ್ಲಿತ್ತು.

“ಎಡಕ್ಕ ಹುಡುಕ್ತೀನಿ ಅಂತ ನಿಮಗೆಂಗ ಗೊತ್ತಾತು?” ಎಂದು ಬಾಯಿ ಕೇಳಿದರು.

“ನೀ ಯಾವತ್ತೂ ಎಡಕ್ಕೇ ಹುಡುಕ್ತಿ,” ಎಂದರು ರಾಯರು. “ನಿನ್ನ ಎದುರಿಗೆ ಕೂತಾಗ ಹೇಳಬಾರದಲ್ಲ, ಅದಕ್ಕ ಸುಮ್ಮನಿದ್ದೆ.”

ಅಂದಿನ ಫಲಿತಾಂಶದಲ್ಲಿ ರಾಯರ ಜೋಡಿ ಏಳನೆಯದು, ಬಾಯಿಯವರದು ಆರನೆಯದು. ಆರೂವರೆಗೆ ಕ್ಲಬ್ಬು ಮುಚ್ಚಿತು. ಅಲ್ಲಿಂದ ನಮ್ಮ ಓಣಿಗೆ ಎಂಟು ನಿಮಿಷದ ದಾರಿ. ನಾನು ಮನೆಗೆ ಬಂದು, ಸುದ್ದಿ ಬರೆದು ಮುಗಿಸಿ, ಕಿಟಕಿ ತೆರೆದಾಗ ಗಂಡ ಹೆಂಡತಿ ಓಣಿಯ ತಿರುವಿನಲ್ಲಿ ನಿಂತು ಒಂಬತ್ತನೇ ಪಟ್ಟಿನ ಮೇಲೆ ವಾದ ಮಾಡುತ್ತಿದ್ದರು. ಅವರು ತಮ್ಮ ಮನೆಯ ಬೀಗ ತೆಗೆದಾಗ ಏಳು ಗಂಟೆ ನಲವತ್ತು ನಿಮಿಷವಾಗಿತ್ತು.